ಮೇ ತಿಂಗಳಲ್ಲಿ ಜಾಸ್ತಿ, ಜೂನ್‌ನಲ್ಲಿ ಕಮ್ಮಿ: ಕಟ್ಟಡದ ಎನರ್ಜಿ ಮಾಡೆಲ್ ಕರೆಂಟ್ ಬಿಲ್‌ಗೆ ಕೂಡದಿದ್ದಾಗ ತಪ್ಪು ಹುಡುಕುವ ಬಗೆ

ಕಲಬುರಗಿಯ ಒಂದು ಸರ್ಕಾರಿ ಕಚೇರಿ ಕಟ್ಟಡ. ಮೂರು ಅಂತಸ್ತು, ಆರ್‌ಸಿಸಿ ಮಾಳಿಗೆ, ಮೇಲೆ ಶಹಾಬಾದ್ ಕಲ್ಲಿನ ಹಾಸು, ಪಶ್ಚಿಮಕ್ಕೆ ಸಾಲು ಕಿಟಕಿ. ಕಟ್ಟಡ ಎಷ್ಟು ಕರೆಂಟ್ ಬಳಸುತ್ತದೆ ಅಂತ ಲೆಕ್ಕ ಹಾಕುವ ಎನರ್ಜಿಪ್ಲಸ್ ಸಾಫ್ಟ್‌ವೇರ್‌ನಲ್ಲಿ ಇದರ ಮಾಡೆಲ್ ಮಾಡಿ ಓಡಿಸಿದರೆ ಡಿಸೆಂಬರ್, ಜನವರಿ ಚೆನ್ನಾಗಿಯೇ ಕೂಡುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಮಾಡೆಲ್ ಲೆಕ್ಕ ಬಿಲ್‌ಗಿಂತ ಜಾಸ್ತಿ. ಜೂನ್‌ಗೆ ಬಂದರೆ ಉಲ್ಟಾ, ಬಿಲ್ ಮೇಲೆ, ಮಾಡೆಲ್ ಕೆಳಗೆ. ವರ್ಷದ ಮೊತ್ತ ಮಾತ್ರ ನೋಡಿದರೆ ವ್ಯತ್ಯಾಸ ಅಷ್ಟೇನೂ ಕಾಣುವುದಿಲ್ಲ.

ಇಂಥ ಹೊತ್ತಿನಲ್ಲಿ ಬಹಳ ಜನ ಎಸಿಯ ಸಿಒಪಿಯನ್ನು (ಒಂದು ಯೂನಿಟ್ ಕರೆಂಟ್‌ಗೆ ಅದು ಎಷ್ಟು ಯೂನಿಟ್ ಶಾಖ ತೆಗೆಯುತ್ತದೆ ಅನ್ನುವ ಸಂಖ್ಯೆ) ಸ್ವಲ್ಪ ಅತ್ತಿತ್ತ ಮಾಡಿ ಮೊತ್ತ ಕೂಡಿಸಿ ಮುಗಿಸಿಬಿಡುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ. ಸಿಒಪಿ ಏರಿಸಿದರೆ ಮೇ ಇಳಿಯುತ್ತದೆ, ಆದರೆ ಮೊದಲೇ ಕಮ್ಮಿ ಇದ್ದ ಜೂನ್ ಇನ್ನೂ ಇಳಿಯುತ್ತದೆ. ಇಳಿಸಿದರೆ ಜೂನ್ ಸರಿಹೋಗುತ್ತದೆ, ಮೇ ಕೆಡುತ್ತದೆ. ಒಂದೇ ಸಂಖ್ಯೆ ತಿದ್ದಿ ಎರಡೂ ತಿಂಗಳು ಕೂಡಿಸಲು ಆಗುವುದಿಲ್ಲ ಅಂದರೆ ಒಳಗೆ ಒಂದಕ್ಕಿಂತ ಹೆಚ್ಚು ತಪ್ಪಿವೆ, ಅವು ಒಂದನ್ನೊಂದು ಮುಚ್ಚಿಕೊಂಡಿವೆ ಅಂತಲೇ ಅರ್ಥ. ಹಾಗಾಗಿ ವ್ಯತ್ಯಾಸ ಎಷ್ಟು ಅನ್ನುವುದು ಆಮೇಲಿನ ಮಾತು. ಯಾವ ತಿಂಗಳು, ಯಾವ ಹೊತ್ತು, ಯಾವ ಅಂತಸ್ತು ಅನ್ನುವುದನ್ನು ಮೊದಲು ಹಿಡಿಯಬೇಕು.

ಬಿಲ್ ಮೇಲೂ ಅನುಮಾನ ಇರಲಿ

ಮಾಡೆಲ್ ತೆರೆಯುವ ಮುಂಚೆ ಜೆಸ್ಕಾಂ ಬಿಲ್‌ಗಳನ್ನು ಟೇಬಲ್ ಮೇಲೆ ಹರಡಿ. ಮೀಟರ್ ರೀಡಿಂಗ್ ತೆಗೆದ ತಾರೀಖು ನೋಡಿ. ಮೇ 6ಕ್ಕೆ ಬಂದ ಬಿಲ್‌ನಲ್ಲಿ ಇರುವುದು ಹೆಚ್ಚುಕಮ್ಮಿ ಏಪ್ರಿಲ್‌ನ ಬಳಕೆ. ಅದನ್ನು ಮಾಡೆಲ್‌ನ ಮೇ ತಿಂಗಳ ಪಕ್ಕ ಇಟ್ಟರೆ ಇಡೀ ಗ್ರಾಫ್ ಒಂದು ತಿಂಗಳು ಜರುಗಿದಂತೆ ಕಾಣುತ್ತದೆ. ಮಾಡೆಲ್‌ನ ದಿನದ ಲೆಕ್ಕ ತೆಗೆದು, ರೀಡಿಂಗ್‌ನಿಂದ ರೀಡಿಂಗ್‌ವರೆಗೆ ಕೂಡಿಸಿ, ಆಮೇಲೆ ಹೋಲಿಸಿ.

ದೊಡ್ಡ ಕಟ್ಟಡವಾದರೆ ಮೀಟರ್‌ಗೆ ಗುಣಕ ಇರುತ್ತದೆ. ರೀಡಿಂಗ್ ವ್ಯತ್ಯಾಸವನ್ನು ಅದರಿಂದ ಗುಣಿಸಿದರೆ ಮಾತ್ರ ಯೂನಿಟ್. ಕಚೇರಿ ರಿಜಿಸ್ಟರ್‌ನಲ್ಲಿ ಯಾರೋ ಗುಣಿಸದೇ ಬರೆದಿಟ್ಟಿರಬಹುದು, ಬಿಲ್ ಜೊತೆ ತಾಳೆ ಹಾಕಿ. ಮಾಳಿಗೆ ಮೇಲೆ ಸೋಲಾರ್ ಇದ್ದು ನೆಟ್ ಮೀಟರಿಂಗ್ ಇದ್ದರೆ ಬಿಲ್‌ನಲ್ಲಿ ಕಾಣುವುದು ಕಳೆದು ಉಳಿದ ಯೂನಿಟ್ ಮಾತ್ರ. ಮಾಡೆಲ್ ಹೇಳುವುದು ಕಟ್ಟಡದ ಪೂರ್ತಿ ಬಳಕೆ. ಎರಡೂ ಒಂದೇ ಅಲ್ವಾ ಅಂದುಕೊಂಡರೆ ಅಲ್ಲಿಗೆ ಲೆಕ್ಕ ಹಳ್ಳ ಹಿಡಿಯಿತು. ಕರೆಂಟ್ ಹೋದಾಗ ಜನರೇಟರ್ ಓಡುತ್ತಿದ್ದರೆ ಡೀಸೆಲ್ ಪುಸ್ತಕವನ್ನೂ ಕೇಳಿ. ಒಂದು ಲೀಟರ್‌ಗೆ ಸುಮಾರು 3 ಯೂನಿಟ್ ಅಂತ ಹಿಡಿದರೆ ಅಂದಾಜಿಗೆ ಸಾಕು.

ಜೂಲ್, ಗಡಿಯಾರ, ಸೂರ್ಯ

ಎನರ್ಜಿಪ್ಲಸ್ ಶಕ್ತಿಯನ್ನು ಜೂಲ್‌ನಲ್ಲಿ ಬರೆಯುತ್ತದೆ. 36 ಲಕ್ಷ ಜೂಲ್ ಸೇರಿದರೆ ಒಂದು ಯೂನಿಟ್. ಇದು ಎಲ್ಲರಿಗೂ ಗೊತ್ತು. ಜನ ಎಡವುವುದು ಇನ್ನೊಂದು ಕಡೆ: ಮಾಡೆಲ್‌ನಲ್ಲಿ ನಿಜವಾದ ಎಸಿ ಹಾಕದೆ ಐಡಿಯಲ್ ಲೋಡ್ಸ್ ಇಟ್ಟಿರುತ್ತಾರೆ. ಅದು ಕೊಡುವುದು ಕೋಣೆಯಿಂದ ತೆಗೆಯಬೇಕಾದ ಶಾಖದ ಲೆಕ್ಕ, ಕರೆಂಟ್ ಲೆಕ್ಕ ಅಲ್ಲ. ಕೂಲಿಂಗ್ ಬಳಕೆ ಮೂರು ಪಟ್ಟು ಜಾಸ್ತಿ ಬಂತೆಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಗಡಿಯಾರದ ತಪ್ಪು ಇನ್ನೂ ನುಣುಚಿಕೊಳ್ಳುವಂಥದ್ದು. ನಾಸಾದ ‘ಪವರ್’ ಅನ್ನುವ ಹವಾಮಾನ ತಾಣದಿಂದ ಗಂಟೆಗಂಟೆಯ ಹವಾಮಾನ ಇಳಿಸಿಕೊಂಡರೆ ಅದು ಸ್ಥಳೀಯ ಸೌರ ಸಮಯದಲ್ಲಿ ಅಥವಾ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಬರುತ್ತದೆ, ಭಾರತೀಯ ಸಮಯದಲ್ಲಿ ಅಲ್ಲ. ಇದನ್ನು ಹಿಡಿಯಲು ಸುಲಭದ ದಾರಿ ಇದೆ. ಮೋಡ ಇಲ್ಲದ ಒಂದು ದಿನದ ಬಿಸಿಲಿನ ಗ್ರಾಫ್ ಹಾಕಿ. ಕಲಬುರಗಿ ಇರುವುದು ಸುಮಾರು 76.8 ಡಿಗ್ರಿ ರೇಖಾಂಶದಲ್ಲಿ, ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಲೆಕ್ಕದಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಇಲ್ಲಿಯ ನಡು ಮಧ್ಯಾಹ್ನ ಸರಾಸರಿ 12:23ಕ್ಕೆ. ತಿಂಗಳಿಗೆ ತಕ್ಕಂತೆ ಅದು 12:06ರಿಂದ 12:37ರ ನಡುವೆ ಓಡಾಡುತ್ತದೆ. ಗ್ರಾಫಿನ ತುದಿ ಇದರ ಆಸುಪಾಸು ಬರಬೇಕು. ಬೆಳಗ್ಗೆ ಏಳಕ್ಕೇ ಬಂದರೆ ಅದು ಯುಟಿಸಿ. ಹವಾಮಾನ ಫೈಲ್‌ನ ತಲೆಸಾಲಿನಲ್ಲಿ ಟೈಮ್ ಝೋನ್ 5.5 ಅಂತ ಇದೆಯೋ ಇಲ್ಲವೋ ಅದನ್ನೂ ನೋಡಿ.

ಪೈಥಾನ್‌ನಲ್ಲಿ ಡೇಟಾ ಓದುವವರಿಗೆ ಒಂದು ಮಾತು. ಎನರ್ಜಿಪ್ಲಸ್ ದಿನದ ಕೊನೆಯ ಗಂಟೆಯನ್ನು 24:00 ಅಂತ ಬರೆಯುತ್ತದೆ. ಪೈಥಾನ್‌ನ ಡೇಟಾ ಲೈಬ್ರರಿ ಪಾಂಡಾಸ್‌ಗೆ ಅದು ಅರ್ಥವಾಗುವುದಿಲ್ಲ. ಅದನ್ನು ಮರುದಿನದ 00:00 ಮಾಡಿಕೊಳ್ಳದೆ ಹೋದರೆ ಆ ಸಾಲು ಬಿಟ್ಟುಹೋಗಬಹುದು ಅಥವಾ ತಪ್ಪು ದಿನಕ್ಕೆ ಸೇರಬಹುದು.

ದಿಕ್ಕು ತಪ್ಪಿದೆಯೇ ಅಂತ ನೋಡಲು ಸೂರ್ಯನೇ ಸಾಕು. ಕಲಬುರಗಿಯ ಅಕ್ಷಾಂಶ 17.3 ಡಿಗ್ರಿ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಜೂನ್‌ನಲ್ಲಿ ಉತ್ತರದ ಗೋಡೆಗೆ ನೇರ ಬಿಸಿಲು ಬೀಳಬೇಕು, ಡಿಸೆಂಬರ್‌ನಲ್ಲಿ ದಕ್ಷಿಣದ ಗೋಡೆಗೆ. ಮಾಡೆಲ್‌ನಲ್ಲಿ ಇದು ಉಲ್ಟಾ ಇದ್ದರೆ ಕಟ್ಟಡವನ್ನೇ ತಿರುಗಿಸಿ ಇಟ್ಟಿದ್ದೀರಿ.

ಯಾವ ಊರಿನ ಹವೆ?

ಕರ್ನಾಟಕ ಅಂತ ಹುಡುಕಿ ಬೆಂಗಳೂರಿನ ಫೈಲ್ ಹಾಕಿದವರೂ ಇದ್ದಾರೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಕಲಬುರಗಿ ಸುಮಾರು 450. ಮೇ ತಿಂಗಳ ಮಧ್ಯಾಹ್ನ ಎರಡಕ್ಕೂ ಹೋಲಿಕೆಯೇ ಇಲ್ಲ. ಬೀದರ್ ಹತ್ತಿರದ್ದೇ ಊರು, ಆದರೆ ಅದೂ 650 ಮೀಟರ್ ದಾಟುತ್ತದೆ, ಹವೆ ಅಷ್ಟು ತಂಪು. ಅದನ್ನು ಇಲ್ಲಿಗೆ ಹಾಕಬಾರದು. ಸೊಲ್ಲಾಪುರದ ಫೈಲ್ ಸಿಗುತ್ತದೆ, ಎತ್ತರ ಹೆಚ್ಚುಕಮ್ಮಿ ಇಲ್ಲಿಯಷ್ಟೇ, ಶುರು ಮಾಡಲು ಪರವಾಗಿಲ್ಲ.

ಆದರೆ ಬಿಲ್ ಜೊತೆ ಹೋಲಿಸಲು ಅದೂ ಸಾಲದು. ಈ ಫೈಲ್‌ಗಳಲ್ಲಿ ಇರುವುದು ‘ಸಾಮಾನ್ಯ ವರ್ಷ’. ಬೇರೆ ಬೇರೆ ವರ್ಷದ ತಿಂಗಳುಗಳನ್ನು ಆರಿಸಿ ಜೋಡಿಸಿದ್ದು. ನಿಮ್ಮ ಕೈಯಲ್ಲಿರುವುದು 2024ರ ಬಿಲ್ ಆಗಿದ್ದರೆ, ಅದು 1901ರಿಂದೀಚೆಗೆ ಭಾರತ ಕಂಡ ಅತಿ ಬಿಸಿ ವರ್ಷ. ಸಾಮಾನ್ಯ ವರ್ಷದ ಹವೆ ಹಾಕಿ ಆ ಬಿಲ್‌ಗೆ ಕೂಡಲಿಲ್ಲ ಅಂತ ಗೋಡೆ, ಮಾಳಿಗೆ ತಿದ್ದುತ್ತಾ ಕೂತರೆ ಕೆಲಸ ಕೆಟ್ಟಂತೆಯೇ. ಬಿಲ್ ಇರುವ ವರ್ಷದ್ದೇ ಹವಾಮಾನ ಹಾಕಿ ಓಡಿಸಿ.

ಒಂದು ಚುಕ್ಕೆ ಗ್ರಾಫ್

ಮೇನ್ ಪ್ಯಾನಲ್‌ಗೆ ಲಾಗರ್ (ತಾನೇ ಅಳೆದು ಬರೆದಿಡುವ ಯಂತ್ರ) ಹಾಕಿ ದಿನದ ಯೂನಿಟ್ ಸಿಗುವ ಹಾಗೆ ಮಾಡಿಕೊಳ್ಳಿ. ಅಡ್ಡಕ್ಕೆ ಆ ದಿನದ ಹೊರಗಿನ ಸರಾಸರಿ ಉಷ್ಣತೆ, ಉದ್ದಕ್ಕೆ ಆ ದಿನದ ಯೂನಿಟ್. ಕೆಲಸದ ದಿನಕ್ಕೆ ಒಂದು ಬಣ್ಣ, ರಜೆಗೆ ಇನ್ನೊಂದು. ಮಾಡೆಲ್‌ಗೂ ಹೀಗೇ ಒಂದು ಗ್ರಾಫ್. ಎರಡನ್ನೂ ಒಂದರ ಮೇಲೊಂದು ಇಡಿ.

ಚುಕ್ಕೆಗಳು ಒಂದು ಉಷ್ಣತೆವರೆಗೆ ಚಪ್ಪಟೆಯಾಗಿ ಸಾಗಿ, ಅಲ್ಲಿಂದ ಮೇಲೆ ಏರುತ್ತವೆ. ಚಪ್ಪಟೆ ಭಾಗ ಎಂದರೆ ಲೈಟು, ಕಂಪ್ಯೂಟರ್, ಹವೆಗೆ ಸಂಬಂಧವಿಲ್ಲದ ಬಳಕೆ. ಅದು ಕೂಡದಿದ್ದರೆ ಎಸಿ ಕಡೆ ತಿರುಗಿಯೂ ನೋಡಬೇಡಿ. ಬಹಳ ಸಲ ಕಂಪ್ಯೂಟರ್ ಹಿಂದಿನ ಸ್ಟಿಕ್ಕರ್‌ನಲ್ಲಿರುವ ವ್ಯಾಟ್ ಅನ್ನೇ ಮಾಡೆಲ್‌ಗೆ ಹಾಕಿರುತ್ತಾರೆ, ನಿಜದಲ್ಲಿ ಅದು ಎಳೆಯುವುದು ಅದಕ್ಕಿಂತ ತುಂಬಾ ಕಮ್ಮಿ. ಚಪ್ಪಟೆ ಮುಗಿದು ಏರು ಶುರುವಾಗುವ ಜಾಗ ಬೇರೆ ಇದ್ದರೆ ಎಸಿ ಎಷ್ಟು ಡಿಗ್ರಿಗೆ ಇಡುತ್ತಾರೆ ಅನ್ನುವುದೋ, ಒಳಗಿನ ಜನ-ಯಂತ್ರಗಳ ಶಾಖವೋ ತಪ್ಪಿದೆ. ಹೊಸ ಸ್ಟಾರ್ ಎಸಿಗಳು 2020ರಿಂದ 24 ಡಿಗ್ರಿಗೆ ಸೆಟ್ ಆಗಿಯೇ ಬರುತ್ತವೆ, ಆದರೆ ರಿಮೋಟ್ ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ. ಏರಿನ ಓರೆ ಬೇರೆ ಇದ್ದರೆ ಮಾಳಿಗೆ, ಗಾಳಿ ಸೋರಿಕೆ, ಎಸಿಯ ಸಿಒಪಿ ಇವುಗಳಲ್ಲಿ ಯಾವುದೋ.

ನಮ್ಮ ಕಚೇರಿಯ ಗ್ರಾಫ್‌ನಲ್ಲಿ ವಿಚಿತ್ರ ಕಾಣಿಸಿತು. ಏಪ್ರಿಲ್, ಮೇ ಚುಕ್ಕೆಗಳು ಗೆರೆ ಬಿಟ್ಟು ಕೆಳಗೆ ಬೇರೆಯೇ ಗುಂಪು ಕಟ್ಟಿದ್ದವು. ಅಷ್ಟು ಬಿಸಿ ದಿನಗಳಲ್ಲಿ ಬಳಕೆ ಕಮ್ಮಿ ಹೇಗೆ? ಕಟ್ಟಡದ ಎಲೆಕ್ಟ್ರಿಷಿಯನ್‌ಗೆ ಕೇಳಿದಾಗ ಅವರು ನಕ್ಕರು.

“ಸರ್, ಬ್ಯಾಸಗಿದಾಗ ನಮ್ಮ ಆಫೀಸ್ ಮುಂಜಾನಿ ಎಂಟಕ್ಕೇ ಚಾಲೂ ಆಗ್ತದ್ರೀ. ಒಂದೂವರಿಗಿ ಎಲ್ಲಾರೂ ಮನಿಗಿ.”

ಕಲಬುರಗಿ, ಬೀದರ್, ಯಾದಗಿರಿ ಸೇರಿದಂತೆ ಈ ಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಬೆಳಗ್ಗೆ 8ರಿಂದ 1:30ರ ವೇಳೆ ಇರುತ್ತದೆ. ಮಾಡೆಲ್‌ನಲ್ಲಿ ವರ್ಷವಿಡೀ 10ರಿಂದ 5:30 ಇತ್ತು. ಮಧ್ಯಾಹ್ನ ಎರಡರಿಂದ ಐದರವರೆಗಿನ ಸುಡುಬಿಸಿಲಿನಲ್ಲಿ ಮಾಡೆಲ್ ಖಾಲಿ ಕಚೇರಿಯನ್ನು ತಂಪು ಮಾಡುತ್ತಿತ್ತು. ಯಾವ ಸಾಫ್ಟ್‌ವೇರ್ ಪುಸ್ತಕದಲ್ಲೂ ಇದು ಸಿಗುವುದಿಲ್ಲ. ಮಾಡೆಲ್ ಮಾಡುವವರು ಡ್ರಾಯಿಂಗ್ ತರಿಸಿಕೊಳ್ಳುವ ಮುಂಚೆ ಅಟೆಂಡರ್ ಜೊತೆ ಕೂತು ಒಂದು ಚಹಾ ಕುಡಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಕಾರಣ ಕೂಲರ್. ಡ್ರಾಯಿಂಗ್‌ನಲ್ಲಿ ಎಲ್ಲಾ ಕೋಣೆಗೂ ಎಸಿ ಬರೆದಿದ್ದರು, ನಿಜದಲ್ಲಿ ಅರ್ಧ ಕೋಣೆಗಳಲ್ಲಿ ಕೂಲರ್. ಹೊರಗೆ 41 ಡಿಗ್ರಿ, ತೇವಾಂಶ 20% ಇದ್ದರೆ ಒದ್ದೆ ಬಲ್ಬ್ ಉಷ್ಣತೆ (ನೀರು ಆವಿಯಾಗಿ ಗಾಳಿ ಎಲ್ಲಿಯವರೆಗೆ ತಂಪಾಗಬಲ್ಲದು ಅನ್ನುವ ಮಿತಿ) 22-23 ಡಿಗ್ರಿ. 75% ದಕ್ಷತೆಯ ಪ್ಯಾಡ್ ಇದ್ದರೆ ಕೂಲರ್‌ನಿಂದ 27 ಡಿಗ್ರಿಯ ಗಾಳಿ ಬರುತ್ತದೆ. ಒಂದೂವರೆ ಟನ್ ಎಸಿ ಸುಮಾರು 1.5 ಕಿಲೋವ್ಯಾಟ್ ಎಳೆಯುವ ಕಡೆ ಕೂಲರ್ 200 ವ್ಯಾಟ್‌ನಲ್ಲಿ ಮುಗಿಸುತ್ತದೆ. ಜೂನ್‌ನಲ್ಲಿ ಮಳೆ ಹಿಡಿದು ಗಾಳಿಯಲ್ಲಿ ತೇವ ಏರಿದರೆ ಅದೇ ಕೂಲರ್ ಕೈಕೊಡುತ್ತದೆ, ಜನ ಎಸಿ ಇರುವ ಕೋಣೆಗೆ ಕುರ್ಚಿ ಎಳೆಯುತ್ತಾರೆ. ಮೇನಲ್ಲಿ ಬಿಲ್ ಕಮ್ಮಿ ಇರಲು ಇದೂ ಒಂದು ಕಾರಣ.

ತಿದ್ದಿದ ಮೇಲೆ ಇನ್ನೂ ಕೆಟ್ಟರೆ ಒಳ್ಳೆಯದೇ

ವೇಳೆ, ಕೂಲರ್ ಎರಡನ್ನೂ ಸರಿಮಾಡಿ ಓಡಿಸಿದರೆ ಮೇ ತಿಂಗಳೂ ಈಗ ಬಿಲ್‌ಗಿಂತ ಕೆಳಗೆ. ಮೊದಲು ಜಾಸ್ತಿ ಇತ್ತು, ಈಗ ಕಮ್ಮಿ. ನೋಡಿದವರಿಗೆ ಕೆಲಸ ಹಿಂದಕ್ಕೆ ಹೋಯಿತು ಅನಿಸುತ್ತದೆ. ಹಾಗಲ್ಲ. ಈಗ ಏಪ್ರಿಲ್, ಮೇ, ಜೂನ್ ಮೂರೂ ಒಂದೇ ದಿಕ್ಕಿಗೆ ತಪ್ಪುತ್ತಿವೆ. ಅಂದರೆ ಮುಚ್ಚಿಕೊಂಡಿದ್ದ ಇನ್ನೊಂದು ತಪ್ಪು ಈಗ ಹೊರಗೆ ಬಂದಿದೆ.

ಅದನ್ನು ಹಿಡಿಯಲು ಎಸಿಯನ್ನು ಲೆಕ್ಕದಿಂದ ತೆಗೆದುಬಿಡಿ. ಎರಡನೇ ಶನಿವಾರ, ಭಾನುವಾರ ಕಚೇರಿ ಮುಚ್ಚಿರುತ್ತದೆ. ಆ ಎರಡು ದಿನ ನೆಲ ಅಂತಸ್ತಿನಲ್ಲಿ ಒಂದು, ಮೇಲಿನ ಅಂತಸ್ತಿನಲ್ಲಿ ಒಂದು ಚಿಕ್ಕ ಉಷ್ಣತೆ ಲಾಗರ್ ಇಡಿ. ಕಿಟಕಿ ಹತ್ತಿರ ಬೇಡ, ಬಿಸಿಲು ಬೀಳದ ಗೋಡೆಗೆ ಎದೆಮಟ್ಟಕ್ಕೆ. ಮಾಡೆಲ್‌ನಲ್ಲೂ ಎಸಿ ಆಫ್ ಮಾಡಿ ಅದೇ ಎರಡು ದಿನ ಓಡಿಸಿ, ಕೋಣೆಯ ಉಷ್ಣತೆ ಹೋಲಿಸಿ. ಇಲ್ಲಿ ಕೂಡದಿದ್ದರೆ ತಪ್ಪು ಇರುವುದು ಗೋಡೆ, ಮಾಳಿಗೆ, ನೆಲದಲ್ಲಿ. ಕೂಡಿದರೆ ಯಂತ್ರಗಳಲ್ಲಿ ಅಥವಾ ಬಳಸುವ ಜನರಲ್ಲಿ.

ಇಲ್ಲಿ ನೆಲ ಅಂತಸ್ತು ಮಾಡೆಲ್‌ನಲ್ಲಿ ಲಾಗರ್‌ಗಿಂತ ಬಹಳ ತಂಪಾಗಿತ್ತು. ಕಾರಣ ಎನರ್ಜಿಪ್ಲಸ್‌ನ ಒಂದು ಹಳೇ ಅಭ್ಯಾಸ. ನೆಲದ ಉಷ್ಣತೆ ನೀವು ಕೊಡದಿದ್ದರೆ ಅದು ಹನ್ನೆರಡೂ ತಿಂಗಳು 18 ಡಿಗ್ರಿ ಅಂತ ಹಿಡಿದುಬಿಡುತ್ತದೆ. ಓಡಿಸಿದ ಮೇಲೆ ಬರುವ ಇಐಓ ಫೈಲ್‌ನಲ್ಲಿ ಗ್ರೌಂಡ್ ಟೆಂಪರೇಚರ್ ಸಾಲು ಹುಡುಕಿ. ಹನ್ನೆರಡು ಸಲ 18 ಕಂಡರೆ ಕಳ್ಳ ಸಿಕ್ಕ. ಕಲಬುರಗಿಯ ನೆಲದಡಿ 18 ಡಿಗ್ರಿ! ಲೆಕ್ಕ ಮಾಡಿ ನೋಡಿ. ಒಳಗೆ 26, ಕೆಳಗೆ 18, ನಡುವೆ 100 ಮಿಲಿಮೀಟರ್ ಕಾಂಕ್ರೀಟ್, ಮೇಲೆ ಫರ್ಸಿ. ಪ್ರತಿ ಚದರ ಮೀಟರ್‌ಗೆ ಸುಮಾರು 30 ವ್ಯಾಟ್ ಶಾಖ ನೆಲಕ್ಕೆ ಇಳಿಯುತ್ತದೆ. 300 ಚದರ ಮೀಟರ್ ನೆಲವಾದರೆ 9 ಕಿಲೋವ್ಯಾಟ್. ಎರಡೂವರೆ ಟನ್ ಎಸಿ ಹಗಲು ರಾತ್ರಿ ಬಿಟ್ಟಿಯಾಗಿ ಓಡಿದ ಹಾಗೆ.

ಹವಾಮಾನ ಫೈಲ್‌ನಲ್ಲೂ ನೆಲದ ಉಷ್ಣತೆ ಇರುತ್ತದಲ್ಲ, ಅದನ್ನೇ ಹಾಕೋಣ ಅನ್ನುತ್ತಾರೆ. ಬೇಡ. ಅದು ಬಯಲು ನೆಲದ್ದು, ಕಟ್ಟಡ ಹೊತ್ತ ನೆಲದ್ದಲ್ಲ. ಆತುರಕ್ಕೆ ಒಳಗಿನ ತಿಂಗಳ ಸರಾಸರಿಗಿಂತ 2 ಡಿಗ್ರಿ ಕಮ್ಮಿ ಹಾಕಬಹುದು, ಎನರ್ಜಿಪ್ಲಸ್ ಕೈಪಿಡಿಯೇ ದೊಡ್ಡ ಕಟ್ಟಡಗಳಿಗೆ ಹಾಗೆ ಹೇಳುತ್ತದೆ. ಸಮಯ ಇದ್ದರೆ ಅದರೊಳಗಿನ ಕಿವಾ ಅನ್ನುವ ಉಪಕರಣ ಬಳಸಿ ನೆಲವನ್ನೇ ಲೆಕ್ಕ ಹಾಕಿಸಿ.

ಮಾಳಿಗೆ

ಮೇಲಿನ ಅಂತಸ್ತಿನ ಲಾಗರ್ ಬೇರೆ ಕಥೆ ಹೇಳುತ್ತದೆ. ಅಲ್ಲಿ ಕೋಣೆಯ ಬಿಸಿ ಏರುವುದು ಸಂಜೆ. ಮಧ್ಯಾಹ್ನ ಮಾಳಿಗೆ ನುಂಗಿದ ಶಾಖ 150 ಮಿಲಿಮೀಟರ್ ಕಾಂಕ್ರೀಟ್ ದಾಟಿ ಕೆಳಗೆ ಬರಲು ನಾಲ್ಕು ಗಂಟೆ ಹೊತ್ತು ಬೇಕು. ಸಂಜೆ ಮಾಳಿಗೆಗೆ ನೀರು ಚಿಮುಕಿಸಿ ಅಲ್ಲೇ ಮಲಗುವ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಮಾಡೆಲ್‌ನಲ್ಲಿ ತುದಿ ಮಧ್ಯಾಹ್ನವೇ ಬಂದರೆ ಪದರಗಳ ದಪ್ಪ, ಸಾಂದ್ರತೆ ನೋಡಿ. ಪದರಗಳನ್ನು ಹೊರಗಿನಿಂದ ಒಳಕ್ಕೆ ಬರೆಯಬೇಕು. ಉಲ್ಟಾ ಬರೆದರೂ ಯು-ವ್ಯಾಲ್ಯೂ (ಶಾಖ ಎಷ್ಟು ಸುಲಭಕ್ಕೆ ದಾಟುತ್ತದೆ ಅನ್ನುವ ಸಂಖ್ಯೆ) ಬದಲಾಗುವುದಿಲ್ಲ, ಹೊತ್ತು ಮಾತ್ರ ತಪ್ಪುತ್ತದೆ. ಅದಕ್ಕೇ ಇದು ಸುಲಭಕ್ಕೆ ಸಿಗುವುದಿಲ್ಲ.

ಶಹಾಬಾದ್ ಕಲ್ಲು ಹಾಸಿದರೆ ತಂಪು ಅನ್ನುವ ನಂಬಿಕೆ ಇದೆ. ಕಾಲಿಗೆ ತಂಪು ನಿಜ, ಶಾಖ ತಡೆಯುವ ಲೆಕ್ಕದಲ್ಲಿ ಒಂದು ಇಂಚು ಕಲ್ಲು ಏನೇನೂ ಅಲ್ಲ. ಬರಿ ಸ್ಲಾಬ್‌ನ ಯು-ವ್ಯಾಲ್ಯೂ 3.3ರ ಹತ್ತಿರ ಇದ್ದರೆ ಕಲ್ಲು ಹಾಸಿದ ಮೇಲೆ 3.1. ನಿಜವಾದ ಆಟ ಇರುವುದು ಬಣ್ಣದಲ್ಲಿ. ಮೆಟೀರಿಯಲ್‌ಗೆ ಬಿಸಿಲು ಹೀರುವ ಅಂಶ ಕೊಡದಿದ್ದರೆ ಎನರ್ಜಿಪ್ಲಸ್ 0.7 ಹಿಡಿಯುತ್ತದೆ. ಹೊಸದಾಗಿ ಬಿಳಿ ಬಳಿದ ಮಾಳಿಗೆ 0.3 ಇರಬಹುದು. ಮೇ ಮಧ್ಯಾಹ್ನ ಚದರ ಮೀಟರ್‌ಗೆ 950 ವ್ಯಾಟ್ ಬೀಳುವ ಬಿಸಿಲಿಗೆ ಈ ಎರಡರ ನಡುವಿನ ಅಂತರ ಹೊರಮೈಯಲ್ಲಿ ಹತ್ತಿರ ಹತ್ತಿರ 20 ಡಿಗ್ರಿಗೆ ಸಮ. ನೂರು ಚದರ ಮೀಟರ್ ಮಾಳಿಗೆಯಲ್ಲಿ, ಹೊತ್ತಿನ ತಡ ಬಿಟ್ಟು ಲೆಕ್ಕ ಹಾಕಿದರೆ, 6 ಕಿಲೋವ್ಯಾಟ್ ಮೇಲೆ ಬರುತ್ತದೆ. ಆದರೆ ಧೂಳಿಗೆ ಬಿಳಿ ಬಣ್ಣ ಬಹಳ ದಿನ ನಿಲ್ಲುವುದಿಲ್ಲ. ಡಬ್ಬದ ಮೇಲೆ ಬರೆದ ಸಂಖ್ಯೆ ಹಾಕಬೇಡಿ, ಮಾಳಿಗೆ ಹತ್ತಿ ನೋಡಿ ಹಾಕಿ.

ಸಿಒಪಿ ತಿರುಗಿಸಬೇಡಿ ಅಂದದ್ದು ಇದಕ್ಕೇ. ಈ ಕಚೇರಿಗೆ ಹಾಗೆ ಮೊತ್ತ ಕೂಡಿಸಿದ್ದರೆ ಮಾಡೆಲ್ ‘ಎಸಿ ಬದಲಿಸಿ’ ಅನ್ನುತ್ತಿತ್ತು. ತಪ್ಪುಗಳನ್ನು ಒಂದೊಂದಾಗಿ ತೆಗೆದ ಮೇಲೆ ಅದು ತೋರಿಸಿದ್ದು ಮಾಳಿಗೆಯನ್ನು. ಬಿಳಿ ಬಣ್ಣಕ್ಕೂ ಹತ್ತಾರು ಹೊಸ ಎಸಿಗಳಿಗೂ ಖರ್ಚಿನಲ್ಲಿ ಎಷ್ಟು ಅಂತರ ಅಂತ ಹೇಳಬೇಕಿಲ್ಲ.

ಉಳಿದ ಚಿಲ್ಲರೆ

ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಇಳಿಯುತ್ತದೆ, ಟ್ಯಾಂಕ್ ತುಂಬಲು ಪಂಪ್ ಜಾಸ್ತಿ ಹೊತ್ತು ಓಡುತ್ತದೆ. ಚುಕ್ಕೆ ಗ್ರಾಫ್‌ನಲ್ಲಿ ಇದು ಥೇಟ್ ಎಸಿ ಬಳಕೆಯ ಹಾಗೇ ಕಾಣುತ್ತದೆ, ಬಿಸಿ ಏರಿದಂತೆ ಏರುತ್ತದೆ. ಗಂಟೆವಾರು ಗ್ರಾಫ್ ನೋಡಿದರೆ ಬೆಳಗ್ಗೆ ಆರಕ್ಕೆ, ಯಾರೂ ಇಲ್ಲದ ಹೊತ್ತಿನಲ್ಲಿ ಚೌಕಾಕಾರದ ಏರಿಕೆ ಸಿಗುತ್ತದೆ. ಅದು ಪಂಪ್. ಮಾಡೆಲ್‌ಗೆ ಬೇರೆಯಾಗಿ ಸೇರಿಸಿ.

ಎಲ್ಲಿಗೆ ನಿಲ್ಲಿಸಬೇಕು ಅನ್ನುವುದಕ್ಕೆ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇಯ ಗೈಡ್‌ಲೈನ್ 14ರ ಮಿತಿ ಇದೆ. ತಿಂಗಳ ಲೆಕ್ಕದಲ್ಲಿ ಸರಾಸರಿ ವಾಲು (ಒಟ್ಟಾರೆ ಮಾಡೆಲ್ ಎಷ್ಟು ಜಾಸ್ತಿ ಅಥವಾ ಕಮ್ಮಿ) 5% ಒಳಗೆ, ಚದುರುವಿಕೆ (ಒಂದೊಂದು ತಿಂಗಳೂ ಎಷ್ಟು ತಪ್ಪುತ್ತದೆ) 15% ಒಳಗೆ. ಗಂಟೆ ಲೆಕ್ಕದಲ್ಲಿ 10% ಮತ್ತು 30%. ವಾಲು ಮಾತ್ರ ನೋಡಿ ನಿಲ್ಲಿಸಬೇಡಿ. ಮೇ ಜಾಸ್ತಿ, ಜೂನ್ ಕಮ್ಮಿ ಇದ್ದ ನಮ್ಮ ಮೊದಲ ಮಾಡೆಲ್‌ನಲ್ಲಿ ವಾಲು ಚೆನ್ನಾಗಿಯೇ ಕಾಣುತ್ತಿತ್ತು. ಸುಳ್ಳು ಹಿಡಿದುಕೊಟ್ಟಿದ್ದು ಚದುರುವಿಕೆ.

ಇಷ್ಟಾದರೂ ಒಂದೆರಡು ತಿಂಗಳು ಸ್ವಲ್ಪ ಕೂಡದಿದ್ದರೆ ರಜೆ ಪಟ್ಟಿ ತೆರೆಯಿರಿ. 2019ರಿಂದ ನಾಲ್ಕನೇ ಶನಿವಾರವೂ ಸರ್ಕಾರಿ ರಜೆ, ಹಳೇ ಶೆಡ್ಯೂಲ್‌ಗಳಲ್ಲಿ ಅದು ಇರುವುದಿಲ್ಲ. ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆ, ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ. ತಿಂಗಳಿಗೆ 24 ಕೆಲಸದ ದಿನ ಅಂದುಕೊಂಡರೆ ಒಂದು ದಿನ ತಪ್ಪಿದರೂ 4%.